ಮೂರು ಕಾಲಿನ ಹಿಡಿಕೆ

ಜನವರಿ 6, ಸೋಮವಾರ

ಬೆಳಿಗ್ಗೆ ಪಶು ಆಸ್ಪತ್ರೆಯ ಕಾಂಪೌಂಡರ್ ಬಂದಿದ್ದರು. ಒಳಗೆ ಕರೆದರೂ ಬರದೆ ಬಾಗಿಲಲ್ಲೇ ನಿಂತು, "ಆ ಟೀಪಾಟಿನ ವಿಷಯ ಬಿಟ್ಬಿಡೋಣ ಅಂತ ಹೇಳೋಕೆ ಬಂದೆ ಕಣಮ್ಮ" ಎಂದರು. ಯಾವ ಟೀಪಾಟ್ ಎಂದೇ ನನಗೆ ಗೊತ್ತಿರಲಿಲ್ಲ. ಸೆಪ್ಟೆಂಬರಿನಲ್ಲಿ ನನ್ನ ಗಂಡನ ಜೊತೆ ಮಾತಾಗಿತ್ತಂತೆ. ಆಸ್ಪತ್ರೆಯ ಡಾಕ್ಟರಮ್ಮ ಮೂವತ್ತೊಂದು ವರ್ಷ ಕೆಲಸ ಮಾಡಿ ಫೆಬ್ರವರಿ 28ಕ್ಕೆ ನಿವೃತ್ತರಾಗುತ್ತಾರೆ. ದಿನವಿಡೀ ಚಹಾ ಕುಡಿಯುವವರು. ಅವರು ಮರೆಯಲಾಗದ ನಾಲ್ಕು ಪ್ರಾಣಿಗಳನ್ನು ಸೇರಿಸಿ ಒಂದು ಟೀಪಾಟ್ ಮಾಡಿಸಿ ಕೊಡಬೇಕೆಂದು ಎಲ್ಲರ ಆಸೆ.

ಗಂಡನ ಚಿತ್ರದ ಪುಸ್ತಕ ತೆಗೆದು ನೋಡಿದೆ. ಇವರು ಬರೆದ ಕೊನೆಯ ಪುಟದಲ್ಲೇ ಚಿತ್ರ ಇತ್ತು. ಆಮೆಯ ಚಿಪ್ಪೇ ಪಾತ್ರೆ. ಹೆಬ್ಬಾತಿನ ಕುತ್ತಿಗೆಯೇ ಚಹಾ ಸುರಿಯುವ ಮೂತಿ. ಮುಚ್ಚಳದ ಮೇಲೆ ಮಲಗಿದ ಕತ್ತೆಮರಿ. ಹಿಂದೆ ಹಿಡಿಕೆ ಇರಬೇಕಾದ ಕಡೆ ಬರೀ ಒಂದು ಗೀಟು, ಪಕ್ಕದಲ್ಲಿ "ನಾಯಿ. ಮೂರೇ ಕಾಲು. ಹೇಗೆ?" ಎಂದು ಬರೆದುಕೊಂಡಿದ್ದಾರೆ. ಅದರ ಮುಂದಿನ ಪುಟಗಳೆಲ್ಲ ಖಾಲಿ.

ಆಗಲಿ ಬಿಡಿ ಎನ್ನಲು ಬಾಯಿ ತೆರೆದೆ. "ಮಾಡಿಕೊಡ್ತೀನಿ" ಎಂದು ಬಂತು.

ಇಪ್ಪತ್ತೆರಡು ವರ್ಷ ಈ ಮನೆಯ ಹಿಂದಿನ ಶೆಡ್ಡಿನಲ್ಲಿ ತಿಗರಿ ನನ್ನದು, ಪ್ರಾಣಿಗಳು ಇವರದು. ನಾನು ಚಕ್ರದ ಮೇಲೆ ಮಣ್ಣಿನ ಪಾತ್ರೆ ಎತ್ತಿ ಕೊಡುತ್ತಿದ್ದೆ, ಇವರು ಅದಕ್ಕೆ ಜೀವ ತುಂಬುತ್ತಿದ್ದರು. ಬಂದವರೆಲ್ಲ ಕೇಳುತ್ತಿದ್ದುದು ಒಂದೇ ಪ್ರಶ್ನೆ, ಈ ಪ್ರಾಣಿ ಯಾರು ಮಾಡಿದ್ದು. ಪಾತ್ರೆ ಯಾರದೆಂದು ಒಬ್ಬರೂ ಕೇಳಲಿಲ್ಲ.

ಅಡುಗೆಮನೆಯಲ್ಲಿ ಅತ್ತೆ ಎಲ್ಲ ಕೇಳಿಸಿಕೊಂಡಿದ್ದರು. "ಒಪ್ಕೊಂಡ್ಯಲ್ಲ, ನಿನಗೆ ಪ್ರಾಣಿ ಮಾಡೋಕೆ ಎಲ್ಲಿ ಬರತ್ತೆ?" ಎಂದರು. 

ಇವರು ಹೋಗಿ ಇವತ್ತಿಗೆ ಎಂಬತ್ತಮೂರು ದಿನ.

ಜನವರಿ 9, ಗುರುವಾರ

ಮಾತಾಡಲು ಯಾರೂ ಇಲ್ಲದ್ದಕ್ಕೆ ಇದನ್ನು ಬರೆಯುತ್ತಿದ್ದೇನೆ. ಅತ್ತೆ ಇದ್ದಾರೆ, ನಿಜ. ಮೊಣಕಾಲು ಕೈಕೊಟ್ಟ ಮೇಲೆ ಎರಡು ವರ್ಷದಿಂದ ನಮ್ಮ ಜೊತೆಯಲ್ಲೇ ಇದ್ದಾರೆ. ಎಪ್ಪತ್ತಾರು ವರ್ಷ, ನಾಲಿಗೆಗೆ ಮಾತ್ರ ವಯಸ್ಸಾಗಿಲ್ಲ. ನಮ್ಮಿಬ್ಬರ ನಡುವೆ ಇವರೇ ದುಭಾಷಿಯಾಗಿದ್ದರು. "ಅಮ್ಮ ಹಾಗಂದದ್ದು ನಿನಗಲ್ಲ," ಎಂದು ನನಗೆ. "ಅವಳು ಸುಮ್ಮನಿದ್ದಾಳೆ ಅಂದ್ರೆ ಕೋಪ ಅಲ್ಲಮ್ಮ," ಎಂದು ಅವರಿಗೆ. ಈಗ ಆ ಕೆಲಸಕ್ಕೆ ಯಾರೂ ಇಲ್ಲ. ನಾವಿಬ್ಬರೂ ಉಪ್ಪು, ಬಿಸಿನೀರು, ಮಾತ್ರೆ ಇಷ್ಟರಲ್ಲೇ ಮಾತು ಮುಗಿಸುತ್ತೇವೆ.

ಅದೂ ಇನ್ನೆಷ್ಟು ದಿನ. ಮಾರ್ಚ್ 2ಕ್ಕೆ ನಾದಿನಿ ಬಂದು ಅವಳ ತಾಯಿಯನ್ನು ಕರೆದುಕೊಂಡು ಹೋಗುತ್ತಾಳೆ. ನಾನು ತಂಗಿಯ ಊರಿಗೆ. ಅಲ್ಲಿ ಶಾಲೆಯಲ್ಲಿ ಕೈಗೆಲಸ ಕಲಿಸುವ ಕೆಲಸ ನೋಡಿಟ್ಟಿದ್ದಾಳೆ.

ಇವತ್ತು ಆಮೆಯ ಚಿಪ್ಪನ್ನು ತಿಗರಿಯ ಮೇಲೆ ಎತ್ತಿದೆ. ಅಗಲ, ತಗ್ಗು, ಬೋರಲು ಹಾಕಿದ ಬಾಣಲೆಯ ಹಾಗೆ. ಅದು ಚೆನ್ನಾಗಿ ಬಂತು, ಅದು ನನ್ನ ಕೆಲಸ. ಹೆಬ್ಬಾತು ನಾಲ್ಕು ಸಲ ಮಾಡಿದೆ. ಅತ್ತೆ ಕೋಲೂರಿಕೊಂಡು ಶೆಡ್ಡಿನ ಬಾಗಿಲಿಗೆ ಬಂದು ನೋಡಿ, "ಇದೇನು, ಕೊಡೆ ಹಿಡೀನಾ?" ಎಂದರು.

ನಿಜವಾಗಿಯೂ ಕೊಡೆಯ ಹಿಡಿಯ ಹಾಗೇ ಇತ್ತು. ಅದಕ್ಕೇ ಸಿಟ್ಟು ಬಂತು.

ಜನವರಿ 13, ಸೋಮವಾರ

ತೊಂಬತ್ತು ದಿನ.

ಪ್ರಾಣಿಗಳ ಬಗ್ಗೆ ಕೇಳಲು ಆಸ್ಪತ್ರೆಗೆ ಹೋಗಬೇಕೆಂದಿದ್ದೆ, ಕಾಂಪೌಂಡರೇ ಬಂದರು. ಈ ಸಲ ಒಳಗೆ ಬಂದು ಕೂತರು. ಹಸುಗಳ ನಡುವೆ ಕೂಗಿ ಕೂಗಿ ಅಭ್ಯಾಸವಾದ ದೊಡ್ಡ ಗಂಟಲು ಅವರದು. ಅತ್ತೆಗೆ ಇಷ್ಟವಾದರು, ಕಿವಿಗೆ ಶ್ರಮವಿಲ್ಲ.

ಆಮೆಯ ಬೆನ್ನ ಮೇಲೆ ಯಾರದೋ ಗಾಡಿ ಹತ್ತಿ ಚಿಪ್ಪು ಒಡೆದಿತ್ತಂತೆ. ಡಾಕ್ಟರಮ್ಮ ದೋಣಿ ರಿಪೇರಿಯವನ ಹತ್ತಿರ ಅಂಟು ತರಿಸಿ ತೇಪೆ ಹಾಕಿದರು. ಹೆಬ್ಬಾತು ಆಸ್ಪತ್ರೆಯ ಗೇಟಿನಲ್ಲೇ ಹನ್ನೊಂದು ವರ್ಷ ಇತ್ತು, ಡಾಕ್ಟರಮ್ಮನೊಬ್ಬರನ್ನು ಬಿಟ್ಟು ಎಲ್ಲರನ್ನೂ ಕಚ್ಚಿದೆ. "ನನಗೆ ಎಲ್ಲಿ ಕಚ್ಚಿತ್ತು ಅಂತ ಹೆಂಗಸರ ಮುಂದೆ ಹೇಳೋ ಹಾಗಿಲ್ಲ," ಎಂದರು. ಅತ್ತೆ ನಕ್ಕರು. ಅವರು ನಕ್ಕದ್ದು ಕೇಳಿ ನಾನು ತಿರುಗಿ ನೋಡಿದೆ. ಕತ್ತೆಮರಿ ಡಾಕ್ಟರಮ್ಮ ಕೆಲಸಕ್ಕೆ ಸೇರಿದ ಮೊದಲ ವಾರ ಹೆರಿಗೆ ಮಾಡಿಸಿದ್ದು. ಎಳೆದು ತೆಗೆದಾಗ ಉಸಿರಿರಲಿಲ್ಲ, ಅರ್ಧ ಗಂಟೆ ಉಜ್ಜಿ ಉಜ್ಜಿ ಬದುಕಿಸಿದರು.

"ನಾಯಿ?" ಎಂದು ಕೇಳಿದೆ.

"ಅದರದ್ದು ಏನೂ ಕತೆ ಇಲ್ಲಮ್ಮ. ಮುಂದಿನ ಒಂದು ಕಾಲು ತೆಗೀಬೇಕಾಯ್ತು. ಆಮೇಲೆ ಹೋಗಲೇ ಇಲ್ಲ. ಸಿಕ್ಕಿದ್ದರ ಮೇಲೆ ಗದ್ದ ಇಟ್ಕೊಂಡು ಬಿದ್ದಿರೋದು. ಮೆಟ್ಟಿಲು, ಬಕೆಟ್ಟು, ಡಾಕ್ಟರಮ್ಮನ ಪಾದ. ಅವರು ಪಾದ ಅಲ್ಲಾಡಿಸದೆ ಒಂದೊಂದು ಗಂಟೆ ಕೂತ್ಕೊಂಡು ಬರೀತಿದ್ರು."

ಜನವರಿ 19, ಭಾನುವಾರ

ಎಲ್ಲ ಜೋಡಿಸಿದೆ. ಹೆಬ್ಬಾತು ಪರವಾಗಿಲ್ಲ, ದೂರದಿಂದ ನೋಡಿದರೆ. ನಾಯಿಗೆ ನಾಲ್ಕು ಕಾಲು ಇಟ್ಟೆ. ಒಂದೇ ಮುಂಗಾಲಿನ ಮೇಲೆ ತುಂಬಿದ ಪಾತ್ರೆಯ ಭಾರ ನಿಲ್ಲುವುದಿಲ್ಲ.

ಅತ್ತೆ ಬಂದು ಎಣಿಸಿದರು. "ಇಲ್ಲದ ಕಾಲು ಎಲ್ಲಿಂದ ತಂದೆ?"

"ಇಲ್ಲದಿದ್ರೆ ಮುರಿದು ಬೀಳತ್ತೆ ಅತ್ತೆ."

"ಆ ನಾಯಿ ಬೀಳಲಿಲ್ವಲ್ಲ," ಎಂದು ಹೊರಟುಹೋದರು.

ಇವರ ಸ್ಟೂಲ್ ಕಿಟಕಿಯ ಹತ್ತಿರ ಹಾಗೇ ಇದೆ. ಎದೆ ಹಿಡಿದುಕೊಂಡು ಅದರ ಮೇಲೇ ಕೂತರು, ಮತ್ತೆ ಏಳಲಿಲ್ಲ. ಒರೆಸುತ್ತೇನೆ, ಜರುಗಿಸುವುದಿಲ್ಲ.

ಜನವರಿ 23, ಗುರುವಾರ

ಎಲ್ಲ ಹೋಯಿತು.

ಪೇಟೆಯಿಂದ ಬರುವಷ್ಟರಲ್ಲಿ ಪಾತ್ರೆ ಕಿಟಕಿಯ ಹೊರಗೆ ಬಿಸಿಲಲ್ಲಿತ್ತು. ಮೇಲೆ ಹೊದಿಸಿದ್ದ ಒದ್ದೆ ಬಟ್ಟೆಯನ್ನು ಅತ್ತೆ ಒಗೆದು ಹಗ್ಗದ ಮೇಲೆ ಹರವಿದ್ದರು. "ಬೇಗ ಒಣಗಲಿ ಅಂತ ಇಟ್ಟೆ," ಎಂದರು. ಹೆಬ್ಬಾತಿನ ಕುತ್ತಿಗೆ ಬುಡದಲ್ಲಿ ಸುತ್ತಲೂ ಸೀಳು ಬಿಟ್ಟಿತ್ತು. ಬೆರಳು ತಾಗಿಸಿದ್ದಕ್ಕೇ ಕಳಚಿ ಕೈಗೆ ಬಂತು.

ನಾನು ಅಂದದ್ದನ್ನು ಬರೆದೇ ಇಡುತ್ತೇನೆ. "ನಿಮ್ಮನ್ನ ಯಾರು ಮುಟ್ಟೋಕೆ ಹೇಳಿದ್ರು? ಇನ್ನೊಂದು ತಿಂಗಳು ತಾನೇ, ಅಲ್ಲಿಗಂಟ ನಿಮ್ಮ ಪಾಡಿಗೆ ನೀವಿರಿ."

ಅವರು ಬಟ್ಟೆಯನ್ನು ಹಗ್ಗದಿಂದ ತೆಗೆದು, ಮಡಿಸಿ, ನನ್ನ ಕೈಗೆ ಕೊಟ್ಟು ಒಳಗೆ ಹೋದರು.

ಜನವರಿ 24, ಶುಕ್ರವಾರ

ಅತ್ತೆ ಇವತ್ತು ಮಾತ್ರೆ ತಾವೇ ತೆಗೆದುಕೊಂಡರು.

ಜನವರಿ 25, ಶನಿವಾರ

ಮಣ್ಣನ್ನು ಮತ್ತೆ ನೆನೆಸಲು ಪಾತ್ರೆ ಒಡೆದೆ. ಕುತ್ತಿಗೆ ಕಳಚಿದ ಜಾಗ ನುಣ್ಣಗಿತ್ತು. ಎರಡು ಭಾಗ ಕೂಡಿಸುವ ಮೊದಲು ಎರಡಕ್ಕೂ ಗೀರು ಹಾಕಬೇಕು, ನೀರುಮಣ್ಣು ಬಳಿಯಬೇಕು, ಆಮೇಲೆ ಒತ್ತಬೇಕು. ಆ ಭಾನುವಾರ ನಾನು ಗೀರನ್ನೇ ಹಾಕಿಲ್ಲ. ಬಿಸಿಲಿಗೆ ಇಡದಿದ್ದರೂ ಇದು ಸುಡುವಾಗ ಕರೆಂಟಿನ ಆವಿಗೆಯಲ್ಲಿ ಬಿಟ್ಟುಕೊಳ್ಳುತ್ತಿತ್ತು.

ಹೋಗಿ ಹೇಳಬೇಕು ಎಂದುಕೊಂಡೆ. ಅವರ ಕೋಣೆಯ ಬಾಗಿಲವರೆಗೆ ಹೋದೆ. ಮಲಗಿದ್ದರು, ಅಥವಾ ಮಲಗಿದ ಹಾಗಿದ್ದರು. ಚೀಲಕ್ಕೆ ಒಂದಿಷ್ಟು ಬಟ್ಟೆ ಆಗಲೇ ತುಂಬಿಟ್ಟಿದ್ದರು.

ಜನವರಿ 27, ಸೋಮವಾರ

ಬೆಳಿಗ್ಗೆ ಅಡುಗೆಮನೆಗೆ ಹೋದರೆ ಅತ್ತೆ ಗಟ್ಟಿ ಕುರ್ಚಿಯಲ್ಲಿ ಕೂತಿದ್ದರು. ಮುಂದಿನ ತಟ್ಟೆಯಲ್ಲಿ, ಕಲಸಿದ ಗೋಧಿಹಿಟ್ಟಿನಲ್ಲಿ ಮಾಡಿದ ಹೆಬ್ಬಾತು, ಕತ್ತೆಮರಿ, ನಾಯಿ ಸಾಲಾಗಿ ನಿಂತಿದ್ದವು. ಹೆಬ್ಬಾತು ಕುತ್ತಿಗೆ ಮುಂದೆ ಚಾಚಿ ಯಾರನ್ನೋ ಕಚ್ಚಲು ಹೊರಟಿತ್ತು. ಕತ್ತೆಮರಿ ಹುಟ್ಟಿ ಒಂದು ಗಂಟೆಯೂ ಆಗಿರಲಿಲ್ಲ, ನೋಡಿದರೇ ಗೊತ್ತಾಗುತ್ತಿತ್ತು.

ನಾಯಿಗೆ ಕಣ್ಣು ಇಡುತ್ತಿದ್ದರು. ಬೆಂಕಿಕಡ್ಡಿಯ ಹಿಂತುದಿಯಿಂದ ಒತ್ತಿ, ಅರ್ಧ ಸುತ್ತು ತಿರುಗಿಸಿ, ಮೇಲಕ್ಕೆ ಎತ್ತಿದರು. ಗುಳಿಯ ಅಂಚಿನಲ್ಲಿ ಒಂದು ಚೂರು ಹಿಟ್ಟು ಎದ್ದು ರೆಪ್ಪೆಯಾಗಿ ನಿಂತಿತು.

ಆ ಕಣ್ಣು ನನಗೆ ಗೊತ್ತು. ನನ್ನ ಗಂಡನ ಕೈಯಲ್ಲಿ ಇಪ್ಪತ್ತೆರಡು ವರ್ಷ ನೋಡಿದ್ದೇನೆ. ಅದೇ ಒತ್ತು, ಅದೇ ಅರ್ಧ ಸುತ್ತು. ಇವರು ಕಲಾಶಾಲೆಯಲ್ಲಿ ಕಲಿತದ್ದೆಂದೇ ತಿಳಿದಿದ್ದೆ. ತಟ್ಟೆಯ ಹತ್ತಿರ ಬಗ್ಗಿ ನೋಡಿದೆ.

"ಇದನ್ನ ನೀವು ಕಲಿಸಿದ್ದಾ ಅತ್ತೆ ಇವರಿಗೆ?"

"ಕಲಿಸೋದೇನು ಬಂತು. ಅಡುಗೆ ಮಾಡೋಕೆ ಬಿಡ್ತಿರಲಿಲ್ಲ ನನ್ನ ಮರಿ, ಕಾಲು ಹಿಡ್ಕೊಂಡು ಅಳೋನು. ಹಿಟ್ಟಲ್ಲಿ ಒಂದು ನಾಯಿ ಮಾಡಿ ಕೊಟ್ರೆ ಸುಮ್ಮನಾಗ್ತಿದ್ದ. ಆಮೇಲೆ ಅದನ್ನ ಒಲೆಗೆ ಹಾಕೋಕೆ ಬಿಡೋನಲ್ಲ. ನಾಯಿನ ಸುಡಬೇಡ ಅಂತ ಇನ್ನೂ ಜೋರಾಗಿ ಅಳೋನು." ಐವತ್ತೆರಡು ವರ್ಷದ ಮಗನನ್ನು ಕೊನೆಯ ದಿನದವರೆಗೂ ಮರಿ ಎಂದೇ ಕರೆದವರು.

ಪಾತ್ರೆ ಒಡೆದದ್ದು ಬಿಸಿಲಿನಿಂದಲ್ಲ, ತಪ್ಪು ನನ್ನದೇ ಎಂದು ಹೇಳಿದೆ. ಅಂದ ಮಾತಿಗೂ ಕ್ಷಮೆ ಕೇಳಿದೆ. ಅವರು ಕತ್ತೆಮರಿಯ ಕಿವಿ ಸರಿಮಾಡುತ್ತಾ, "ಬಿಸಿಲಿಗೆ ಇಟ್ಟಿದ್ದು ನಾನೇ ಅಲ್ವಾ, ಅರ್ಧ ಅರ್ಧ ಹಂಚ್ಕೊಳ್ಳೋಣ," ಎಂದರು.

"ಮಣ್ಣಲ್ಲಿ ಮಾಡಿಕೊಡ್ತೀರಾ?"

"ಮಣ್ಣು ಅಂಟತ್ತಾ ಕೈಗೆ?"

"ಅಂಟತ್ತೆ."

"ಮತ್ತೆ ನನ್ನ ಬೈಬಾರದು."

ಫೆಬ್ರವರಿ 1, ಶನಿವಾರ

ಗುರುವಾರ ಹೊಸ ಚಿಪ್ಪು ಎತ್ತಿದೆ, ಮೊದಲನೆಯದಕ್ಕಿಂತ ಸ್ವಲ್ಪ ದಪ್ಪ. ಈಗ ಹದಕ್ಕೆ ಬಂದಿದೆ, ಒತ್ತಿದರೆ ಬಾಗುವುದಿಲ್ಲ, ಉಗುರು ಹಾಕಿದರೆ ಗೀರು ಬೀಳುತ್ತದೆ. ಅತ್ತೆ ಮೂರು ದಿನದಿಂದ ಬೆಳಿಗ್ಗೆಯೇ ಶೆಡ್ಡಿಗೆ ಬರುತ್ತಾರೆ. ಕುರ್ಚಿ ತಗ್ಗಾಗಿ ಮೊಣಕಾಲು ನೋವು ಎಂದರು. ಎತ್ತರಕ್ಕೆ ಸರಿಯಾದದ್ದು ಇವರ ಸ್ಟೂಲೊಂದೇ, ತಂದು ಹಾಕಿದೆ.

ಮಣ್ಣು ಹಿಟ್ಟಿನ ಹಾಗಲ್ಲ. ಗಟ್ಟಿ ಗೊಂಬೆ ಮಾಡಿದರೆ ಸುಡುವಾಗ ಸಿಡಿಯುತ್ತದೆ, ಒಳಗೆ ಟೊಳ್ಳಿರಬೇಕು. ಅದನ್ನು ನಾನು ಹೇಳಿಕೊಟ್ಟೆ. ಅವರು ಮಾಡಿಟ್ಟದ್ದನ್ನು ನಾನು ಸೀಳಿ, ಒಳಗೆ ಕೆರೆದು, ಮತ್ತೆ ಮುಚ್ಚುತ್ತೇನೆ. ಮೊದಲ ಸಲ ಹೆಬ್ಬಾತನ್ನು ಸೀಳಿದಾಗ ಅವರು ಮುಖ ಆಚೆ ತಿರುಗಿಸಿಕೊಂಡರು. "ಡಾಕ್ಟರಮ್ಮನಿಗೂ ಹೀಗೇ ಇತ್ತೋ ಏನೋ ಮೊದಮೊದಲು," ಎಂದರು.

ಕತ್ತೆಮರಿಯ ಕಿವಿ ನೆಟ್ಟಗೆ ನಿಲ್ಲಿಸಿದರೆ ಮುಚ್ಚಳ ಎತ್ತುವಾಗ ಮುರಿಯುತ್ತದೆ ಎಂದೆ. "ಹುಟ್ಟಿದ ಮರಿಗೆ ಕಿವಿ ಎಲ್ಲಿ ನಿಲ್ಲತ್ತೆ," ಎಂದು ಹಿಂದಕ್ಕೆ ಒರಗಿಸಿದರು. ಈಗ ಬೆರಳಿಗೆ ಹಿಡಿತವೂ ಸಿಗುತ್ತದೆ.

ಕಣ್ಣುಗಳನ್ನು ನನ್ನ ಕೈಯಲ್ಲಿ ಇಡಿಸಿದರು. ಹನ್ನೆರಡು ಸಲ ತಪ್ಪಿತು. "ಒತ್ತೋದು ಸರಿ ಇದೆ, ಬಿಡೋದು ಬೇಗ ಆಗ್ತಿದೆ. ಸ್ವಲ್ಪ ನಿಂತು ಬಿಡು."

ಫೆಬ್ರವರಿ 4, ಮಂಗಳವಾರ

ನಾಯಿಯ ಸಮಸ್ಯೆ ಮುಗಿಯಿತು. ಬೆಳಗಿನಿಂದ ಇಬ್ಬರೂ ಅದರ ಮುಂದೆ ಕೂತಿದ್ದೆವು. ಹಿಂಗಾಲು ಎರಡೂ ಆಮೆಯ ಬಾಲದ ಹತ್ತಿರ ಊರಿವೆ, ಮೈ ಬಿಲ್ಲಿನ ಹಾಗೆ ಹೊರಕ್ಕೆ ಬಾಗಿದೆ, ಇರುವ ಒಂದು ಮುಂಗಾಲು ಚಿಪ್ಪಿನ ಮೇಲೆ. ಹಿಡಿಯಲು ಕೈ ಸರಾಗವಾಗಿ ಹೋಗುತ್ತದೆ. ಆದರೆ ಮೇಲಿನ ಭಾರವೆಲ್ಲ ಒಂದೇ ಕಾಲಿನ ಮೇಲೆ. ಮೂರು ಸಲ ಮಾಡಿದೆ, ಮೂರು ಸಲವೂ ಬಿರುಕು.

ನಾಲ್ಕನೆಯ ಕಾಲಿನ ಮಾತು ನಾನು ಎತ್ತಲಿಲ್ಲ. ಅತ್ತೆ ನಾಯಿಯ ತಲೆ ಮುಟ್ಟಿ, "ಗದ್ದ ಇಡೋಣ," ಎಂದರು.

"ಏನು?"

"ಆ ಮನುಷ್ಯ ಹೇಳಲಿಲ್ವಾ, ಸಿಕ್ಕಿದ್ದರ ಮೇಲೆ ಗದ್ದ ಇಡ್ತಿತ್ತು ಅಂತ. ಚಿಪ್ಪಿನ ಮೇಲೆ ಗದ್ದ ಇಡಲಿ. ಆಗ ಎರಡು ಕಡೆ ಹಿಡ್ಕೊಳ್ಳತ್ತೆ."

ತಲೆ ಬಗ್ಗಿಸಿ, ಗದ್ದಕ್ಕೂ ಚಿಪ್ಪಿಗೂ ಆಳವಾಗಿ ಗೀರು ಹಾಕಿ, ನೀರುಮಣ್ಣು ಬಳಿದು ಒತ್ತಿದೆ. ಕಾಲಿಗಿಂತ ಗದ್ದವೇ ಗಟ್ಟಿ ಕೂತಿತು. ಇವರ ಪುಸ್ತಕ ತಂದು "ಹೇಗೆ?" ಎಂದು ಬರೆದ ಕಡೆ ತೋರಿಸಿದೆ. ಅತ್ತೆ ಕನ್ನಡಕ ಹಾಕಿಕೊಂಡು ಓದಿದರು. "ನನ್ನ ಕೇಳಿದ್ರೆ ಹೇಳ್ತಿದ್ದೆ. ನಾನು ಪಕ್ಕದ ರೂಮಲ್ಲೇ ಇದ್ನಲ್ಲ," ಎಂದರು.

ಇವತ್ತು ಊಟ ಮಾಡಲು ಇಬ್ಬರೂ ಮರೆತೆವು. ಮೂರು ಗಂಟೆಗೆ ನೆನಪಾಯಿತು.

ಫೆಬ್ರವರಿ 10, ಸೋಮವಾರ

ಒಣಗಿಸುವ ದಿನಗಳು. ನೆರಳಲ್ಲಿ, ಬಟ್ಟೆ ಹೊದಿಸಿ. ಅತ್ತೆ ಗಂಟೆಗೊಮ್ಮೆ ಬಟ್ಟೆಗೆ ನೀರು ಚಿಮುಕಿಸುತ್ತಾರೆ, ಜ್ವರ ಬಂದವರಿಗೆ ಹಣೆ ಪಟ್ಟಿ ಹಾಕುವ ಹಾಗೆ.

ಕೆಲಸವಿಲ್ಲದ್ದಕ್ಕೆ ಮಾತು. ಇವರು ಎಂಟು ವರ್ಷದವರಿದ್ದಾಗ ಓತಿಕ್ಯಾತವನ್ನು ಜೇಬಲ್ಲಿಟ್ಟುಕೊಂಡು ಮದುವೆಮನೆಗೆ ಹೋದದ್ದು ಅವರು ಹೇಳಿದರು. ಕೆಲಸ ಮಾಡುವಾಗ ಎಲ್ಲ ಹಾಡನ್ನೂ ಒಂದೇ ರಾಗದಲ್ಲಿ ಹಾಡುತ್ತಿದ್ದುದು ನಾನು ಹೇಳಿದೆ. "ಹಾಡ್ತಿದ್ನಾ?" ಎಂದರು. ಅವರಿಗೆ ಗೊತ್ತೇ ಇರಲಿಲ್ಲ. ಯಾವ ರಾಗ ಎಂದು ಕೇಳಿದರು, ಹಾಡಿ ತೋರಿಸಿದೆ. ಅದು ಅವರ ಯಜಮಾನರ ರಾಗವಂತೆ. ಅವರೂ ಹಾಗೇ ಎಲ್ಲವನ್ನೂ ಕೆಡಿಸುತ್ತಿದ್ದರಂತೆ.

ತಂಗಿ ಫೋನ್ ಮಾಡಿದ್ದಳು. ಶಾಲೆಯವರು ಅರ್ಜಿ ಕೇಳುತ್ತಿದ್ದಾರೆ. ಕೈಯಲ್ಲಿ ಮಣ್ಣಿದೆ, ಆಮೇಲೆ ಮಾತಾಡುತ್ತೇನೆ ಎಂದೆ.

ಫೆಬ್ರವರಿ 18, ಮಂಗಳವಾರ

ಮೊದಲ ಸಲ ಆವಿಗೆಗೆ ಇಡುವ ದಿನ. ನಾನು ಎತ್ತಿ ಇಟ್ಟೆ, ಅತ್ತೆ ಮುಚ್ಚಳ ತಂದುಕೊಟ್ಟರು. ಸ್ವಿಚ್ ಹಾಕುವ ಮೊದಲು ಒಳಗೆ ಬಗ್ಗಿ ನಾಯಿಯನ್ನು ನೋಡಿದರು.

"ಸುಡಬೇಡ ಅನ್ನೋಕೆ ಈಗ ಯಾರೂ ಇಲ್ಲ," ಎಂದರು.

ಅಷ್ಟು ಹೇಳಿ ಆವಿಗೆಯ ಅಂಚು ಹಿಡಿದುಕೊಂಡು ಅತ್ತರು. ಮಗ ಹೋದ ದಿನ ಅಷ್ಟು ಜನರ ಮುಂದೆ ಒಂದು ಹನಿ ಹಾಕದವರು. ನಾನು ಭುಜ ಹಿಡಿದು ನಿಂತೆ. ಅವರು ನನಗಿಂತ ಇಷ್ಟು ಗಿಡ್ಡ ಎಂದು ಗೊತ್ತಿರಲಿಲ್ಲ, ತಲೆ ನನ್ನ ಗದ್ದಕ್ಕೂ ಬರುವುದಿಲ್ಲ. ನನಗೂ ಅಳು ಬಂತು. ಆಮೇಲೆ ಇಬ್ಬರೂ ಮುಖ ತೊಳೆದುಕೊಂಡು ಸ್ವಿಚ್ ಹಾಕಿದೆವು.

ಫೆಬ್ರವರಿ 25, ಮಂಗಳವಾರ

ಬಣ್ಣ ಬಳಿದು ಎರಡನೆಯ ಸಲ ಸುಟ್ಟದ್ದು ಇವತ್ತು ತೆಗೆದೆವು. ಆಮೆ ಹಸಿರುಗಂದು, ತೇಪೆ ಮಾತ್ರ ನೀಲಿ. ಹೆಬ್ಬಾತು ಬಿಳಿ. ನಾಯಿಗೆ ಮೆರುಗು ಹಾಕದೆ ಬರೀ ಮಣ್ಣಿನ ಬಣ್ಣ ಉಳಿಸಿದ್ದೇವೆ, ಹಿಡಿದರೆ ಕೈ ಜಾರದಿರಲಿ ಎಂದು.

ಮುಚ್ಚಳ ಅಂಟಿಕೊಂಡಿತ್ತು. ಮರದ ಸೌಟಿನ ಹಿಡಿಯಿಂದ ಸುತ್ತಲೂ ಮೆಲ್ಲಗೆ ತಟ್ಟಿದೆ. ಅತ್ತೆ ಕಿವಿ ಮುಚ್ಚಿಕೊಂಡಿದ್ದರು. ಟಿಕ್ ಎಂದು ಬಿಟ್ಟುಕೊಂಡಿತು. ಬಿಸಿನೀರು ತುಂಬಿ ಎತ್ತಿದೆ. ನಾಯಿ ಗಟ್ಟಿ. ಸುರಿದು ನಿಲ್ಲಿಸಿದ ಮೇಲೆ ಹೆಬ್ಬಾತಿನ ಕೊಕ್ಕಿನಿಂದ ಒಂದು ಹನಿ ತೊಟ್ಟಿಕ್ಕುತ್ತದೆ. ನನ್ನ ಲೆಕ್ಕದಲ್ಲಿ ಅದು ದೋಷ.

"ಹನ್ನೊಂದು ವರ್ಷ ಎಲ್ಲರನ್ನೂ ಕಚ್ಚಿದೆ, ಜೊಲ್ಲು ಸುರಿಸದೆ ಇರತ್ತಾ," ಎಂದರು ಅತ್ತೆ.

ಫೆಬ್ರವರಿ 28, ಶುಕ್ರವಾರ

ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ ಸಣ್ಣ ಸಮಾರಂಭ. ಅತ್ತೆ ತಾವೂ ಬರುತ್ತೇನೆಂದರು, ಪಾತ್ರೆಯ ಪೆಟ್ಟಿಗೆಯನ್ನು ದಾರಿಯುದ್ದಕ್ಕೂ ತೊಡೆಯ ಮೇಲೇ ಇಟ್ಟುಕೊಂಡಿದ್ದರು.

ಡಾಕ್ಟರಮ್ಮ ತೆಳ್ಳಗಿನ, ಮಿತಭಾಷಿ ಹೆಂಗಸು. ಪೆಟ್ಟಿಗೆ ತೆರೆದರು. ನೀಲಿ ತೇಪೆಯ ಮೇಲೆ ಬೆರಳಾಡಿಸಿದರು. ಹೆಬ್ಬಾತಿನ ತಲೆ ಸವರಿದರು. ನಾಯಿಯ ಹತ್ತಿರ ಬಂದಾಗ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಗದ್ದ," ಎಂದರು, ಅಷ್ಟೇ. ಕೂಗುವ ಗಂಟಲಿನ ಕಾಂಪೌಂಡರ್ ಪಕ್ಕಕ್ಕೆ ಸರಿದು ಕಿಟಕಿಯ ಹೊರಗೆ ನೋಡುತ್ತಾ ನಿಂತರು.

ಚಹಾ ಅದರಲ್ಲೇ ಮಾಡಿದರು. ಮೊದಲ ಲೋಟವನ್ನು ಡಾಕ್ಟರಮ್ಮ ಅತ್ತೆಗೆ ಕೊಟ್ಟು, "ಪ್ರಾಣಿಗಳನ್ನ ಯಾರು ಮಾಡಿದ್ದು?" ಎಂದು ಕೇಳಿದರು.

ಅತ್ತೆ ನನ್ನ ಕಡೆ ಬೆರಳು ತೋರಿಸಿದರು. ನಾನು ಅತ್ತೆಯ ಕಡೆ. ಇಬ್ಬರದ್ದೂ ಒಂದೇ ಸಲ ಆಯಿತು. ಎಲ್ಲ ನಕ್ಕರು.

"ಪಾತ್ರೆ ಇವಳದು," ಎಂದರು ಅತ್ತೆ, ಯಾರೂ ಕೇಳದಿದ್ದರೂ. "ಪಾತ್ರೆ ಸರಿಯಾಗಿಲ್ದೆ ಹೋದ್ರೆ ಪ್ರಾಣಿ ಎಲ್ಲಿ ನಿಲ್ಲತ್ತೆ ಹೇಳಿ."

ಮಾರ್ಚ್ 2, ಭಾನುವಾರ

ನಾದಿನಿ ಹನ್ನೊಂದಕ್ಕೆ ಬಂದಳು. ಅತ್ತೆ ಶೆಡ್ಡಿನಲ್ಲಿ ಮಣ್ಣು ಕಲಸುತ್ತಿದ್ದರು. ಡಾಕ್ಟರಮ್ಮನ ಪರಿಚಯದವರೊಬ್ಬರು ಎಮ್ಮೆಯ ಆಕಾರದ ಹೂಜಿ ಬೇಕೆಂದು ನಿನ್ನೆ ಕೇಳಿ ಕಳಿಸಿದ್ದಾರೆ, ಅದಕ್ಕೆ.

"ಅಮ್ಮ, ಹೊರಡೋಣ್ವಾ?" ಎಂದಳು.

"ಕೈ ನೋಡೇ," ಎಂದು ಎರಡೂ ಕೈ ಎತ್ತಿ ತೋರಿಸಿದರು, ಮೊಣಕೈವರೆಗೆ ಮಣ್ಣು. "ಅದೂ ಅಲ್ದೆ ನಿನ್ನ ಮನೆ ಮೆಟ್ಟಿಲು ನನ್ನ ಮೊಣಕಾಲಿಗೆ ಆಗಲ್ಲ."

"ಲಿಫ್ಟ್ ಇದೆಯಲ್ಲಮ್ಮ."

"ಲಿಫ್ಟ್ ಕೆಟ್ರೆ?"

ನಾದಿನಿ ನನ್ನ ಮುಖ ನೋಡಿದಳು. ಎಮ್ಮೆಗೆ ಕೊಂಬು ಇಡಬೇಕು, ನನಗೊಬ್ಬಳಿಗೆ ಬರುವುದಿಲ್ಲ, ಇನ್ನು ಸ್ವಲ್ಪ ದಿನ ಅವರು ಇಲ್ಲಿ ಬೇಕು ಎಂದು ವಿವರಿಸಿದೆ. ಕೆಲಸದ ದೃಷ್ಟಿಯಿಂದ ಅದೇ ಸರಿ. "ಸ್ವಲ್ಪ ದಿನ ಅಂದ್ರೆ ಎಷ್ಟು ಅತ್ತಿಗೆ?" ಎಂದಳು. ಮಣ್ಣಿನ ಕೆಲಸ, ಹೀಗೇ ಎಂದು ಹೇಳಲಾಗುವುದಿಲ್ಲ ಎಂದೆ. ಅವಳು ಯಾಕೋ ನನ್ನನ್ನು ತಬ್ಬಿಕೊಂಡಳು. ಸೀರೆಗೆಲ್ಲ ಮಣ್ಣಾಯಿತು.

ಊಟ ಮಾಡಿ, ಅವಳು ಅತ್ತೆಯ ಚೀಲದಿಂದ ಬಟ್ಟೆಗಳನ್ನು ತೆಗೆದು ಕಪಾಟಿನಲ್ಲಿ ಜೋಡಿಸಿ ಹೋದಳು.

ಮಾರ್ಚ್ 3, ಸೋಮವಾರ

ತಂಗಿಗೆ ಫೋನ್ ಮಾಡಿದೆ. ಶಾಲೆಯ ಕೆಲಸ ಬೇರೆ ಯಾರಿಗಾದರೂ ಹೇಳು, ಇಲ್ಲಿ ಎಮ್ಮೆ ಅರ್ಧಕ್ಕೆ ನಿಂತಿದೆ ಎಂದೆ. ಅವಳಿಗೆ ಬೇಜಾರಾಯಿತು. "ಹಾಗಾದ್ರೆ ಬರೋದೇ ಇಲ್ವಾ ಅಕ್ಕ ನೀನು?"

"ಬರ್ತೀವಿ ಕಣೇ, ಬೇಸಿಗೆಯಲ್ಲಿ ಒಂದು ವಾರ ಇಬ್ಬರೂ ಬರ್ತೀವಿ."

 "ಇಬ್ಬರೂ ಅಂದ್ರೆ?" ಎಂದಳು.

ಲೈನ್ ಸರಿಯಿರಲಿಲ್ಲ ಎಂದು ಕಾಣುತ್ತದೆ. ಜೋರಾಗಿ ಹೇಳಿದೆ, "ನಾನು ಮತ್ತೆ ನಮ್ಮತ್ತೆ."